ಗುಂಡಪ್ಪನ್ನ ತಗೋ, ಕೂಸು ಕೊಡು

ಬನ್ನಿಹಾಳದ ನೇಕಾರರ ಓಣಿ ಮುಗಿಯುವಲ್ಲಿ, ನೂಲಿಗೆ ಗಂಜಿ ಹಾಕಿ ಒಣಗಿಸುವ ಬಯಲಿನ ಅಂಚಿಗೆ, ಪೂಜ್ಯ ಸಿದ್ಧಮಲ್ಲಮ್ಮ ತಾಯಿಯವರ ಗುಡಿಸಲು ಇತ್ತು. ಅದನ್ನು ಮಠವೆಂದು ಕರೆದವರು ಭಕ್ತರು. ತಾಯಿಯವರು ಮಾತ್ರ ಕೊನೆಯವರೆಗೂ 'ನಮ್ಮ ಮನಿ' ಎಂದೇ ಅನ್ನುತ್ತಿದ್ದರು. ಅಲ್ಲಿ ಗದ್ದುಗೆ ಇರಲಿಲ್ಲ, ಬೆಳ್ಳಿಯ ಪಾದುಕೆ ಇರಲಿಲ್ಲ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಲಿಂಗಪೂಜೆಯ ಮಣೆ, ನಡುವಿನ ತೊಲೆಗೆ ಸರಪಳಿಯಿಂದ ತೂಗುಬಿಟ್ಟ ಹಳೆಯ ಮರದ ತೊಟ್ಟಿಲು. ಸನ್ಯಾಸಿನಿಯ ಮನೆಯಲ್ಲಿ ತೊಟ್ಟಿಲೇಕೆ ಎಂದು ಪರವೂರಿನವರು ಹುಬ್ಬೇರಿಸುತ್ತಿದ್ದರು. ಓಣಿಯವರಿಗೆ ಅದೊಂದು ಪ್ರಶ್ನೆಯೇ ಆಗಿರಲಿಲ್ಲ. ಓಣಿಯಲ್ಲಿ ಹುಟ್ಟಿದ ಪ್ರತಿಯೊಂದು ಕೂಸೂ ಹೆಸರಿಡುವ ದಿನ ಮೊದಲು ಮಲಗುತ್ತಿದ್ದುದು ಆ ತೊಟ್ಟಿಲಲ್ಲೇ.

ತಾಯಿಯವರು ಬತ್ತಿದ ಬಾವಿಗೆ ನೀರು ತರಿಸಿದರು, ತುಂಬಿದ ಹೊಳೆಯ ಮೇಲೆ ನಡೆದುಹೋದರು ಎಂದೆಲ್ಲ ಹೇಳುವ ಭಕ್ತರು ನಮ್ಮಲ್ಲಿ ಕಡಿಮೆಯಿಲ್ಲ. ಹೇಳಲಿ ಪಾಪ, ಭಕ್ತಿಯಿಂದಲೇ ಹೇಳುತ್ತಾರೆ. ನಾನು ಕೇಳಿ ಬಲ್ಲ ತಾಯಿಯವರು ನೆಲದ ಮೇಲೆಯೇ ನಡೆಯುತ್ತಿದ್ದರು, ಅದೂ ಬಹಳ ಲಗುಬಗೆಯಿಂದ. ಅದರಲ್ಲೂ ಯಾವುದಾದರೂ ಮನೆಯಲ್ಲಿ ಕೂಸು ಹುಟ್ಟಿ, ಉಣ್ಣುವ ಕಂಚಿನ ಗಂಗಾಳ ಬಾರಿಸಿದ ಸದ್ದು ಕಿವಿಗೆ ಬಿತ್ತೆಂದರೆ ಮುಗಿಯಿತು. ಪೂಜೆಗೆ ಕುಳಿತಿದ್ದರೆ ಬೇಗ ಮುಗಿಸಿ, ಊಟಕ್ಕೆ ಕುಳಿತಿದ್ದರೆ ಕೈ ತೊಳೆದು, ಬಾಣಂತಿಗೆಂದು ಮೊದಲೇ ಕಟ್ಟಿಟ್ಟ ಅಂಟಿನ ಉಂಡೆಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಬಿಡುತ್ತಿದ್ದರು. ಉತ್ತತ್ತಿ, ಕೊಬ್ಬರಿ, ಹುರಿದ ಅಂಟು, ಬೆಲ್ಲ ಸೇರಿಸಿ ಅವರೇ ಕೈಯಾರೆ ಕಟ್ಟಿದ ಉಂಡೆಗಳು. ಗಂಡೋ ಹೆಣ್ಣೋ ಎಂದು ಅವರು ಕೇಳಿದ್ದನ್ನು ಯಾರೂ ನೆನೆಯುವುದಿಲ್ಲ. ಬಾಣಂತಿಯ ಕೈಯಲ್ಲಿ ಒಂದು ಉಂಡೆ ಇಟ್ಟು, "ಛಲೋ ಆತ ಬಿಡವ್ವಾ, ಹಡದಿ" ಎನ್ನುತ್ತಿದ್ದರು. ಅಷ್ಟೇ ಮಾತು. ಓಣಿಯ ಹೆಣ್ಣುಮಕ್ಕಳಿಗೆ ಆ ಮಾತು ಬೀಳದೆ ಹೆರಿಗೆ ಪೂರ್ತಿಯಾದಂತೆ ಅನ್ನಿಸುತ್ತಿರಲಿಲ್ಲ.

ಇನ್ನು ಹೆಸರಿಡುವ ದಿನದ ಪದ್ಧತಿಯನ್ನೂ ಹೇಳಿಬಿಡಬೇಕು, ಯಾಕೆಂದರೆ ಈ ಪ್ರಸಂಗವೆಲ್ಲ ಅದರ ಮೇಲೆಯೇ ನಿಂತಿದೆ. ಅವತ್ತು ಅಡುಗೆಮನೆಯಲ್ಲಿ ಅರೆಯುವ ಗುಂಡಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಕೂಸಿಗೆ ತೊಡಿಸುವಂತೆಯೇ ಕುಂಚಿಗೆ ತೊಡಿಸುತ್ತಾರೆ. ಅದಕ್ಕೆ ಗುಂಡಪ್ಪ ಎಂದು ಹೆಸರು. ಅವನು ಕೂಸಿನ ಒಡಹುಟ್ಟಿದವನೆಂದು ಲೆಕ್ಕ. ತೊಟ್ಟಿಲಿನ ಒಂದು ಬದಿಗೆ ನಿಂತವಳು, "ಗುಂಡಪ್ಪನ್ನ ತಗೋ, ಕೂಸು ಕೊಡು" ಎಂದು ಕಲ್ಲನ್ನು ತೊಟ್ಟಿಲ ಕೆಳಗಿನಿಂದ ದಾಟಿಸುತ್ತಾಳೆ. ಆಚೆ ಬದಿಯವಳು ಕಲ್ಲನ್ನು ತೆಗೆದುಕೊಂಡು ಕೂಸನ್ನು ಮೇಲಿನಿಂದ ಕೊಡುತ್ತಾಳೆ. ಗುಂಡಪ್ಪ ದಾಟಿದ ಮೇಲೆ ಕೂಸನ್ನು ಕೊಡದೆ ತಡೆಯುವಂತಿಲ್ಲ. ತಡೆದರೆ ಮನೆಗೆ ಒಳ್ಳೆಯದಲ್ಲ ಎಂದು ಓಣಿಯ ಗಟ್ಟಿ ನಂಬಿಕೆ. ಆಮೇಲೆ ಸೋದರತ್ತೆ ಕೂಸಿನ ಕಿವಿಗೆ ಬಾಯಿಟ್ಟು 'ಕುರ್ರ್' ಎಂದು ಹೆಸರು ಕರೆಯಬೇಕು. ಅವಳು ಬಗ್ಗಿ ಕರೆಯುತ್ತಿರುವಾಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಹರ್ಷಕ್ಕೆ ಗುದ್ದುವುದು. ಆದರೆ ಹಳೆಯ ಸಿಟ್ಟಿದ್ದವರು ಅವತ್ತೇ ತೀರಿಸಿಕೊಳ್ಳುತ್ತಿದ್ದರೆಂದು ನನಗೆ ಈ ಪ್ರಸಂಗ ಹೇಳಿದ ರಾಚವ್ವತ್ತೆ ಬೆನ್ನು ಸವರಿಕೊಂಡು ನಗುತ್ತಿದ್ದಳು. ಓಣಿಗೆಲ್ಲ ಅತ್ತೆಯಾಗಿದ್ದ ಈ ರಾಚವ್ವ, ಮುಂದೆ ಬರುವ ಕೂಸಿಗೆ ನಿಜವಾದ ಸೋದರತ್ತೆ. ಎಲ್ಲವನ್ನೂ ಕಣ್ಣಾರೆ ಕಂಡವಳು.

ರಾಚವ್ವನ ತಮ್ಮ ಬನಪ್ಪ ಓಣಿಯ ನಡುವಿನ ಮನೆಯಲ್ಲಿ, ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ತುಳಿಯುವ ಕುಣಿಮಗ್ಗ ಹಾಕಿಕೊಂಡು ಸೀರೆ ನೇಯುತ್ತಿದ್ದ. ಅವನ ಹೆಂಡತಿ ಕಾಶವ್ವ. ಮನೆಗೆ ಯಜಮಾನಿ ಅವನ ತಾಯಿ ನಿಂಬೆವ್ವ. ನಿಂಬೆವ್ವ ಕೆಟ್ಟವಳಲ್ಲ, ಗಟ್ಟಿಗಿತ್ತಿ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಎರಡು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು. ನಗುವುದರಲ್ಲೂ ಓಣಿಗೇ ಮುಂದು. ಕಾಶವ್ವ ಮೊದಲನೆಯ ಗಂಡುಕೂಸನ್ನು ಹಡೆದಾಗ ಗಂಗಾಳವನ್ನು ತಗ್ಗು ಬೀಳುವ ಹಾಗೆ ಬಾರಿಸಿದವಳು ಆಕೆಯೇ. ಮನೆಮನೆಗೆ ಸಕ್ಕರೆ ಹಂಚಿದಳು, ಎದುರಿಗೆ ಸಿಕ್ಕವರನ್ನೆಲ್ಲ ಎಳೆದುಕೊಂಡು ಬಂದು ಮೊಮ್ಮಗನ ಮುಖ ತೋರಿಸಿದಳು. ತಾಯಿಯವರು ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಉಂಡೆ ಕೊಟ್ಟು ಹರಸಿ ಹೋದರು. ಹೆಸರಿಡುವ ದಿನ ಬರುವುದರೊಳಗೆ ಕೂಸು ತೀರಿಕೊಂಡಿತು. ಮರುವರ್ಷ ಇನ್ನೊಂದು ಗಂಡುಕೂಸು. ಮತ್ತೆ ಗಂಗಾಳ, ಮತ್ತೆ ಸಕ್ಕರೆ, ಮತ್ತೆ ತಾಯಿಯವರ ಉಂಡೆ. ಅದೂ ಹೆಸರಿಲ್ಲದೆಯೇ ಹೋಯಿತು.

ಎರಡನೆಯದನ್ನು ಮಣ್ಣು ಮಾಡಿ ಬಂದ ದಿನ ತಾಯಿಯವರು ಆ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ನಿಂಬೆವ್ವ ಹೊರಗೆ ಬಂದು, ಓಣಿಯವರೆಲ್ಲ ಕೇಳುವಂತೆ, "ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ ಅವ್ವಾರ. ನಿಮ್ಮ ಛಲೋ ಅನ್ನೂ ಮಾತು ನಮಗ ಒಗ್ಗಂಗಿಲ್ಲ" ಎಂದಳು. ಕೆಲವರು ಅವಳ ಮೇಲೆ ರೇಗಿದರು. ತಾಯಿಯವರು ಅವರನ್ನು ಕೈಸನ್ನೆಯಿಂದಲೇ ಸುಮ್ಮನಿರಿಸಿ, ಎದ್ದು, ಕಟ್ಟೆಗೆ ಕೈಮುಗಿದು ಹೊರಟುಹೋದರು. ಆಮೇಲೆ ಆ ಮನೆಯ ಮುಂದೆ ಹಾಯುವಾಗಲೆಲ್ಲ ಅವರ ನಡಿಗೆ ನಿಧಾನವಾಗುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ.

ಕಾಶವ್ವ ಮೂರನೆಯ ಸಲ ಬಸುರಾದಾಗ ನಿಂಬೆವ್ವ ಬೇರೆಯೇ ಹೆಂಗಸಾಗಿದ್ದಳು. ಎರಡು ಕೂಸುಗಳನ್ನೂ ಕೊಂದದ್ದು ಜನರ ಹರ್ಷವೇ ಎಂದು ಅವಳ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಅಷ್ಟು ಕಣ್ಣು, ಅಷ್ಟು ಬಾಯಿ, ಅಷ್ಟು ನಗು ಒಂದು ಎಳೆಯ ಜೀವದ ಮೇಲೆ ಬಿದ್ದರೆ ಅದು ತಡೆದೀತು ಹೇಗೆ? ಬಸುರಿಗೆ ಮಾಡುವ ಕುಬಸ ಮಾಡಲಿಲ್ಲ. ಹೆರಿಗೆಯ ದಿನ ಬಾಗಿಲು ಹಾಕಿಕೊಂಡಳು. ಸೂಲಗಿತ್ತಿಯಿಂದಲೂ ರಾಚವ್ವನಿಂದಲೂ ಹೊರಗೆ ಬಾಯಿಬಿಡುವುದಿಲ್ಲವೆಂದು ಮನೆದೇವರ ಆಣೆ ಮಾಡಿಸಿಕೊಂಡಳು. ಗಂಗಾಳ ಬಾರಿಸಲಿಲ್ಲ. ಮರುದಿನ ನೀರಿಗೆ ಬಂದ ಹೆಂಗಸರು "ಏನ ಆತ ನಿಂಬೆವ್ವ?" ಎಂದು ಕೇಳಿದ್ದಕ್ಕೆ, "ಕಲ್ಲ ಹುಟ್ಟೈತಿ" ಎಂದು ಹೇಳಿ ಕೊಡ ಎತ್ತಿಕೊಂಡು ಬಂದಳು.

ಓಣಿಯವರ ಗತಿ ವಿಚಿತ್ರವಾಯಿತು. ಕೂಸು ಸತ್ತೇ ಹುಟ್ಟಿತೆಂದು ಕೆಲವರು ತಿಳಿದರು, ಇಲ್ಲ ಬದುಕಿದೆ ಎಂದು ಕೆಲವರು. ಹರಸಲು ಹೋಗಬೇಕೋ, ಮಾತಾಡಿಸಿ ಅಳಲು ಹೋಗಬೇಕೋ ಯಾರಿಗೂ ತಿಳಿಯದು. ಸಕ್ಕರೆ ತಿನ್ನದ, ಕಣ್ಣೀರನ್ನೂ ಹಾಕದ ಒಂದು ಹೆರಿಗೆಯನ್ನು ಆ ಓಣಿ ಕಂಡಿರಲಿಲ್ಲ. ಹೆಂಗಸರು ಬಾಗಿಲವರೆಗೆ ಹೋಗಿ ಸೆರಗು ಸರಿಮಾಡಿಕೊಂಡು ವಾಪಸು ಬರುತ್ತಿದ್ದರು.

ಮನೆಯೊಳಗೆ ಇನ್ನೂ ಕಷ್ಟ. ಮುಂದಿನ ಪಡಸಾಲೆಯಲ್ಲಿ ತೊಟ್ಟಿಲಂತೆ ಕಟ್ಟಿದ್ದ ಬಟ್ಟೆಯ ಜೋಳಿಗೆಯಲ್ಲಿ ಕುಂಚಿಗೆ ತೊಟ್ಟ ಗುಂಡಕಲ್ಲು ಮಲಗಿತ್ತು. ಯಾರಾದರೂ ಬಗ್ಗಿ ನೋಡಿದರೆ ಕಾಣುವುದು ಅದೇ. ನಿಜವಾದ ಕೂಸು, ಹೆಣ್ಣುಕೂಸು, ಒಳಗಿನ ಮಗ್ಗದ ಕೋಣೆಯಲ್ಲಿತ್ತು. ಬನಪ್ಪನ ತಂದೆಯ ಮಗ್ಗವನ್ನು ಕಿತ್ತು ವರ್ಷಗಳಾಗಿದ್ದರೂ ಅದರ ಕುಣಿ ಹಾಗೆಯೇ ಉಳಿದಿತ್ತು. ಆ ಕುಣಿಯಲ್ಲಿ ಕೌದಿ ಹಾಸಿ ಕೂಸನ್ನು ಮಲಗಿಸಿದ್ದರು. ಅದರ ಮಗ್ಗುಲಲ್ಲೇ ಬನಪ್ಪನ ಮಗ್ಗ. ಕೂಸು ಅತ್ತರೆ ಹೊರಗೆ ಕೇಳಬಾರದೆಂದು ಅವನು ಮಗ್ಗವನ್ನು ಬಿಡದೆ ಹೊಡೆಯುತ್ತಿದ್ದ. ಖಟಕ್ ಪಟಕ್, ಖಟಕ್ ಪಟಕ್. ಊಟಕ್ಕೆ ಎದ್ದರೂ ಅರ್ಧಕ್ಕೇ ಬಿಟ್ಟು ಓಡಿಬರುತ್ತಿದ್ದ. ಎಳೆ ಕಡಿದಿರುವುದನ್ನೂ ನೋಡದೆ ನೇಯುತ್ತಿದ್ದ. ಆ ಸೀರೆಯನ್ನು ಆಮೇಲೆ ಯಾರೂ ಉಡಲಾಗಲಿಲ್ಲವಂತೆ, ಅಷ್ಟು ತಪ್ಪುಗಳಿದ್ದವು ಅದರಲ್ಲಿ.

ಕಾಶವ್ವನಿಗೆ ಅತ್ತೆ ಹೇಳಿದ್ದು ಇಷ್ಟು: ಹಾಲು ಕುಡಿಸುವಾಗಲೂ ಅದರ ಮುಖ ನೋಡಬೇಡ, ನಗಬೇಡ, ಮುದ್ದಿನ ಮಾತು ಆಡಬೇಡ. ಮಾತು ಕಲಿಯದ ಕೂಸಿಗೆ ಅದೆಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ತಾಯಿಗೆ ಮಾತ್ರ ಪೂರ್ತಿ ತಿಳಿಯಿತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೂಸನ್ನು ತಂದು ಮಗ್ಗುಲಿಗೆ ಹಾಕಿದರೆ ಕಣ್ಣು ಮುಚ್ಚಿಕೊಂಡು ಎದೆಗೆ ಹಚ್ಚುತ್ತಿದ್ದಳು. ಬರುಬರುತ್ತ ಅದನ್ನೂ ಬಿಟ್ಟಳು.

ಇತ್ತ ತಾಯಿಯವರ ಸ್ಥಿತಿಯನ್ನೂ ಹೇಳಬೇಕು. ಸಂತರ ಚಿತ್ತ ಕದಡುವುದಿಲ್ಲವೆಂದು ನಾವೆಲ್ಲ ಕೇಳಿದ್ದೇವೆ. ಆದರೆ ರಾಚವ್ವತ್ತೆ ಕಂಡದ್ದು ಬೇರೆ. 'ಕಲ್ಲ ಹುಟ್ಟೈತಿ' ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ತಾಯಿಯವರು ಉತ್ತತ್ತಿ ಕುಟ್ಟಲು ಕುಳಿತರು. ಉಂಡೆ ಕಟ್ಟಿದರು. ಕಟ್ಟಿದವರು ಹೊರಡಲಿಲ್ಲ. ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟು ಅಂಗಳ ಗುಡಿಸಿದರು, ಗುಡಿಸಿದ್ದನ್ನೇ ಮತ್ತೆ ಗುಡಿಸಿದರು. ಡಬ್ಬಿ ಎತ್ತಿಕೊಂಡು ಓಣಿಯ ತಿರುವಿನವರೆಗೆ ಹೋಗಿ, ಮಗ್ಗದ ಸದ್ದು ಕೇಳುತ್ತ ನಿಂತು, ತಿರುಗಿ ಬಂದರು. ಉಂಡೆಗಳು ಒಣಗಿ ಗಟ್ಟಿಯಾದವು. ಅವನ್ನು ಬಂದವರಿಗೆ ಹಂಚಿ ಹೊಸದಾಗಿ ಕಟ್ಟಿದರು. "ಯಾಕ್ರಿ ಅವ್ವಾರ, ಹೋಗೂದಿಲ್ಲೇನು?" ಎಂದು ಯಾರೋ ಕೇಳಿದ್ದಕ್ಕೆ, "ಬರಬ್ಯಾಡ ಅಂದಾಳ" ಎಂದರಂತೆ. ಆಕೆಯ ನೋವನ್ನು ಅವರು ಅಷ್ಟು ಗೌರವಿಸುತ್ತಿದ್ದರೋ, ಇಲ್ಲ ತಮ್ಮ ಬಾಯಿಂದ ಬಂದ ಹರಕೆಗೆ ಅವರೇ ಅಂಜಿದ್ದರೋ, ನಾನು ನಿರ್ಣಯಿಸಲಾರೆ. ಅಂಜಿದ್ದರೂ ನನ್ನ ಭಕ್ತಿ ಒಂದು ಕೂದಲಿನಷ್ಟೂ ಕಡಿಮೆಯಾಗುವುದಿಲ್ಲ.

ಹೀಗಿರುವಾಗ ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ಆ ಓಣಿಯಲ್ಲಿ ಯಾರೂ ಮಗ್ಗ ಹೂಡುವುದಿಲ್ಲ. ಮಗ್ಗಕ್ಕೆ ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆಯುತ್ತಾರೆ. ಅವತ್ತು ಅದಕ್ಕೂ ವಿಶ್ರಾಂತಿ, ನೇಯುವವನಿಗೂ ವಿಶ್ರಾಂತಿ. ಉಳಿದ ದಿನಗಳಲ್ಲಿ ನೂರು ಮಗ್ಗಗಳ ಸದ್ದಿನಲ್ಲಿ ಬನಪ್ಪನ ಮಗ್ಗದ ಸದ್ದೂ ಒಂದಾಗಿ ಸೇರಿಹೋಗುತ್ತಿತ್ತು. ಅವತ್ತು ಇಡೀ ಓಣಿ ನಿಶ್ಶಬ್ದವಾಗಿರುವಾಗ ಅದೊಂದೇ ಬಡಿದುಕೊಳ್ಳತೊಡಗಿತು. ಹಿರಿಯರು ಕಾಯಿ ಒಡೆಯುವುದನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದರು. ಹಬ್ಬದ ದಿನ ಮಗ್ಗಕ್ಕೆ ಈ ಅಪಚಾರವೇ ಎಂದು ಸಿಟ್ಟಾಗಿ, ಗುಂಪಾಗಿ ಬನಪ್ಪನ ಮನೆಯ ಕಡೆಗೆ ಹೊರಟರು.

ಅವರು ಮುಂಬಾಗಿಲಿಗೆ ಬರುವ ಮೊದಲೇ ನಿಂಬೆವ್ವ ಹಿತ್ತಿಲಿನಿಂದ ಹೊರಬಿದ್ದಿದ್ದಳು. ಕಂಕುಳಲ್ಲಿ ಕುಂಚಿಗೆ ತೊಟ್ಟ ಗುಂಡಕಲ್ಲು. ಬೇರೆ ದಾರಿ ಉಳಿದಿರಲಿಲ್ಲ, ಹಾಗಾಗಿ ತಾನು ಬೈದು ಕಳಿಸಿದವರ ಬಾಗಿಲಿಗೇ ಬಂದಳು. ರಾಚವ್ವ ಅವಳ ಹಿಂದೆ ಓಡಿಬಂದಳು.

ತಾಯಿಯವರು ಬಿಸಿ ಬೆಲ್ಲದಲ್ಲಿ ಕೈಯಿಟ್ಟು ಉಂಡೆ ಕಟ್ಟುತ್ತಿದ್ದರು. ನಿಂಬೆವ್ವ ನಮಸ್ಕಾರ ಮಾಡಲಿಲ್ಲ, ಕೂರಲೂ ಇಲ್ಲ. ನಿಂತಲ್ಲೇ ಅತ್ತಿತ್ತ ಅಲ್ಲಾಡುತ್ತ ಕಲ್ಲನ್ನು ಮುಂದೆ ಚಾಚಿದಳು.

"ಇದನ್ನ ನಿಮ್ಮ ತೊಟ್ಟಲದಾಗ ಹಾಕಿ ಹೆಸರ ಕರೀರಿ ಅವ್ವಾರ."

"ಏನಂತ ಕರೀಲಿ?"

"ಗುಂಡಪ್ಪ ಅನ್ರಿ, ಕಲ್ಲಪ್ಪ ಅನ್ರಿ. ಮಂದಿ ಕಣ್ಣ ಹಾಕಿದ್ರ ಇದಕ್ಕ ಹಾಕ್ಲಿ. ಜವರಾಯ ಬಂದ್ರೂ ಇದನ್ನ ಎತಗೊಂಡ ಹೋಗ್ಲಿ."

"ಕೂಸು?" ತಾಯಿಯವರು ಕೇಳಿದರು.

ನಿಂಬೆವ್ವನ ಗಟ್ಟಿತನವೆಲ್ಲ ಅಲ್ಲಿಗೆ ಮುಗಿಯಿತು. "ನಿನ್ನಿಯಿಂದ ಮೊಲಿಗೆ ಬಾಯಿ ಹಚ್ಚವಲ್ದು. ಆಕಿಗೂ ಹಾಲ ಇಳೀವಲ್ದು. ನಾನ ಹೇಳಿದ್ನಿರಿ, ನೋಡಬ್ಯಾಡ, ನಗಬ್ಯಾಡ ಅಂತ. ಈಗ ನೋಡಂದ್ರೂ ನೋಡವಲ್ಲಳು."

"ಹುಟ್ಟೈತಿ ಅಂತ ಹೇಳಬೇಕಿತ್ತಲ್ಲ, ನಿಂಬೆವ್ವ."

"ಹೇಳಿದ್ವಲ್ರಿ ಎರಡ ಸಲ." ನಿಂಬೆವ್ವನ ಧ್ವನಿ ಏರಿತು. "ಎಲ್ಲಾರಕಿಂತ ಮೊದಲ ನೀವ ಬಂದ್ರಿ. ಮೊದಲ ನೀವ ಛಲೋ ಆತು ಅಂದ್ರಿ. ಏನ್ ಛಲೋ ಆತು?"

ಇಂಥ ಮಾತಿಗೆ ಬೇರೆ ಯಾರಾದರೂ ಸಮಾಧಾನ ಹೇಳುತ್ತಿದ್ದರು, ಕರ್ಮ ಎನ್ನುತ್ತಿದ್ದರು, ದೇವರ ಲೀಲೆ ಎನ್ನುತ್ತಿದ್ದರು. ತಾಯಿಯವರು ಅದಾವುದನ್ನೂ ಹೇಳಲಿಲ್ಲ. ಬೆಲ್ಲ ಮೆತ್ತಿದ ಕೈಗಳನ್ನು ತೊಳೆದುಕೊಂಡು, ಒರೆಸಿಕೊಂಡು ಎದ್ದು ಬಂದರು. ನಿಂಬೆವ್ವನ ಕೈಯಿಂದ ಕಲ್ಲನ್ನು ಎರಡೂ ಕೈಯಲ್ಲಿ, ಕತ್ತಿಗೆ ಆಸರೆ ಕೊಟ್ಟು ಎಳೆಗೂಸನ್ನು ಎತ್ತಿಕೊಳ್ಳುವ ಹಾಗೆಯೇ ತೆಗೆದುಕೊಂಡರು. ಕುಂಚಿಗೆ ಸರಿಪಡಿಸಿದರು. ಹಣೆಯಿರಬೇಕಾದ ಕಡೆ ವಿಭೂತಿ ಹಚ್ಚಿದರು.

"ಅವೆರಡು ಇದ್ದಷ್ಟ ದಿನ ಕೂಸಾಗಿ ಇದ್ದುವು, ನಿಂಬೆವ್ವ," ಎಂದರು. "ಇದನ್ನ ಜೀವ ಇದ್ದಾಗನ ಕಲ್ಲ ಮಾಡಿಟ್ಟಿ."

ತಾಯಿಯವರು ಕಲ್ಲನ್ನು ತೋಳಿಗೆ ಒರಗಿಸಿಕೊಂಡರು.

"ಗುಂಡಪ್ಪನ್ನ ನಾ ತಗೊಂಡೆ. ಇನ್ನ ಕೂಸು ಕೊಡು."

ನಿಂಬೆವ್ವ ಎರಡು ಹೆಜ್ಜೆ ಹಿಂದೆ ಸರಿದಳೆಂದು ರಾಚವ್ವತ್ತೆ ಹೇಳುತ್ತಿದ್ದಳು. ತಾನೇ ಬಂದು, ತಾನೇ ಕೈಯಾರೆ ಗುಂಡಪ್ಪನನ್ನು ದಾಟಿಸಿಬಿಟ್ಟಿದ್ದಳು. ಸಾವಿಗೆ ಮೋಸ ಮಾಡಬೇಕೆಂಬ ಗಡಿಬಿಡಿಯಲ್ಲಿ ಪದ್ಧತಿಯೇ ಮರೆತುಹೋಗಿತ್ತು. ಈಗ ಕೂಸನ್ನು ಕೊಡದೆ ಇರುವಂತಿಲ್ಲ, ಕೊಟ್ಟರೆ ಓಣಿಯ ಕಣ್ಣಿಗೆ ಬಿಡಬೇಕು. ತಾಯಿಯವರು ಅವಳ ಉತ್ತರಕ್ಕೆ ಕಾಯಲಿಲ್ಲ. ಒಂದು ತೋಳಲ್ಲಿ ಗುಂಡಪ್ಪ, ಇನ್ನೊಂದು ಕೈಯಲ್ಲಿ ಉಂಡೆಯ ಡಬ್ಬಿ. ಹೊರಟೇಬಿಟ್ಟರು. ಅವರ ಹಳೆಯ ನಡಿಗೆ ಮರಳಿ ಬಂದಿತ್ತು, ಅವರಿಗಿಂತ ಎಷ್ಟೋ ಚಿಕ್ಕವಳಾಗಿದ್ದರೂ ತಾನು ಹಿಂದೆ ಓಡಬೇಕಾಯಿತು ಎಂದು ರಾಚವ್ವತ್ತೆ ಹೇಳುತ್ತಿದ್ದಳು.

ಬನಪ್ಪನ ಮನೆಯ ಮುಂದೆ ಹಿರಿಯರು ಬಾಗಿಲು ಬಡಿಯುತ್ತಿದ್ದರು. ಒಳಗಿನಿಂದ ಮಗ್ಗದ ಸದ್ದು ಇನ್ನಷ್ಟು ಜೋರಾಗಿತ್ತು. ತಾಯಿಯವರನ್ನು ಕಂಡು ಎಲ್ಲರೂ ದಾರಿ ಬಿಟ್ಟರು. ನಿಂಬೆವ್ವ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ಮುಂಬಾಗಿಲ ಅಗಳಿ ತೆಗೆದಳು. ತಾಯಿಯವರು ನೆಟ್ಟಗೆ ಮಗ್ಗದ ಕೋಣೆಯ ಹೊಸ್ತಿಲಿಗೆ ಹೋಗಿ ನಿಂತರು. ಹಿಂದೆ ಓಣಿಯೆಲ್ಲ ಬಂದು ನಿಂತಿತು.

"ಬನಪ್ಪ, ಮಗ್ಗ ನಿಂದ್ರಸಪ್ಪ."

ಅವನು ತಲೆಯೆತ್ತಿ ನೋಡಿದ. ನೋಡಿಯೂ ಕಾಲು ತುಳಿಯುವುದನ್ನು ಬಿಡಲಿಲ್ಲ, ಲಾಳಿ ಓಡಿಸುವುದನ್ನು ಬಿಡಲಿಲ್ಲ. ಬಿಟ್ಟರೆ ಏನು ಕೇಳುತ್ತದೆಂದು ಅವನಿಗೆ ಗೊತ್ತಿತ್ತು. ಅಥವಾ ಏನೂ ಕೇಳದೇ ಹೋದರೆ ಎಂದು ಅಂಜಿದ್ದನೋ.

"ಸಾಕ ತಮ್ಮಾ," ಎಂದರು ತಾಯಿಯವರು. "ಕಾಲ ಬಾತಾವು ನೋಡು."

ಬನಪ್ಪ ತನ್ನ ಕಾಲು ನೋಡಿಕೊಂಡ. ನಿಜವಾಗಿಯೂ ಬಾತಿದ್ದವು. ಅವನ ಕೈಯಿಂದ ಲಾಳಿ ಜಾರಿ ಮಡಿಲಿಗೆ ಬಿತ್ತು. ಮಗ್ಗ ನಿಂತಿತು.

ಮೊದಲು ಏನೂ ಕೇಳಲಿಲ್ಲ. ನಿಂಬೆವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ಬನಪ್ಪ ಕುಣಿಯ ಕಡೆ ನೋಡಲಾರದೆ ತಾಯಿಯವರ ಮುಖವನ್ನೇ ನೋಡುತ್ತಿದ್ದ. ಆಮೇಲೆ ಹಳೆಯ ಮಗ್ಗದ ಕುಣಿಯಿಂದ ಒಂದು ಸಣ್ಣ ಸದ್ದು ಬಂತು, ಅಳು ಎನ್ನಲೂ ಶಕ್ತಿಯಿಲ್ಲದಂಥದ್ದು. ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು "ಅಯ್ಯ ನನ್ನವ್ವ" ಎಂದಳು, ಎಂದವಳೇ ಹೆದರಿ ಬಾಯಿಗೆ ಸೆರಗು ತುರುಕಿಕೊಂಡಳು. ಮಗ್ಗದ ಅಪಚಾರ ವಿಚಾರಿಸಲು ಬಂದಿದ್ದ ಹಿರಿಯರು ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡಿದರು.

ನಿಂಬೆವ್ವ ಕುಣಿಯ ಅಂಚಿನಲ್ಲಿ ಕುಸಿದು ಕುಳಿತಳು. "ಉಳಿತೈತೇನ್ರಿ ಅವ್ವಾರ? ಅದೊಂದ ಹೇಳ್ರಿ. ಉಳಿತೈತಂದ್ರ ಕೊಡ್ತೀನಿ."

"ಅದ ನನಗ ಗೊತ್ತಿಲ್ಲವ್ವ," ಎಂದರು ತಾಯಿಯವರು. "ಬಂದೈತಿ ಅನ್ನೂದ ಗೊತ್ತೈತಿ. ಮನಿಗೆ ಬಂದವರ್ನ ಬಾ ಅನಬೇಕು."

ಪ್ರಿಯ ಭಕ್ತರೇ, ಎಷ್ಟು ಸುಲಭವಾಗಿತ್ತು ಅವರಿಗೆ 'ಉಳಿಯುತ್ತದೆ' ಎಂದುಬಿಡುವುದು! ನಾವಾದರೆ ಹೇಳುತ್ತಿದ್ದೆವು, ಆ ಮುದುಕಿಯ ಮುಖ ನೋಡಲಾರದೆಯಾದರೂ ಹೇಳುತ್ತಿದ್ದೆವು. ತಾಯಿಯವರು ಸುಳ್ಳಿನ ಹರಕೆಯನ್ನು ಯಾರಿಗೂ ಕೊಟ್ಟವರಲ್ಲ. ಅವರು ಗುಂಡಪ್ಪನನ್ನು ಎತ್ತಿಕೊಂಡು, ತೋಳು ಚಾಚಿ ನಿಂತೇ ಇದ್ದರು. ನಿಂಬೆವ್ವ ಬಹಳ ಹೊತ್ತು ಆ ಕಲ್ಲನ್ನು ನೋಡಿದಳು. ಕೊನೆಗೆ ಕುಣಿಗೆ ಇಳಿದಳು. ಕೌದಿ ಸಮೇತ ಕೂಸನ್ನು ಎತ್ತಿ, ಓಣಿಯವರೆಲ್ಲರ ಕಣ್ಣೆದುರಿಗೆ, ಮೇಲಕ್ಕೆ ಕೊಟ್ಟಳು. ತಾಯಿಯವರು ಕೂಸನ್ನು ತೆಗೆದುಕೊಂಡು ಗುಂಡಪ್ಪನನ್ನು ಅವಳ ಮಡಿಲಿಗೆ ಹಾಕಿದರು.

ಕಾಶವ್ವ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದಳು. ತಾಯಿಯವರು ಅವಳನ್ನು ಎಬ್ಬಿಸಲಿಲ್ಲ, ಹೊರಳಿಸಲೂ ಇಲ್ಲ. ಹಾಸಿಗೆಯ ಅಂಚಿಗೆ ಕುಳಿತು, ಡಬ್ಬಿ ತೆರೆದು, ಅವಳ ಅಂಗೈ ಬಿಡಿಸಿ ಒಂದು ಉಂಡೆ ಇಟ್ಟರು.

"ಛಲೋ ಆತ ಬಿಡವ್ವಾ, ಕಾಶವ್ವ. ಹಡದಿ."

ಅವಳ ಬೆರಳುಗಳು ಉಂಡೆಯ ಮೇಲೆ ಮಡಚಿಕೊಳ್ಳಲಿಲ್ಲ. ಗೋಡೆಗೇ ಹೇಳುವಂತೆ ಅವಳು ಮೆಲ್ಲಗೆ ಅಂದಳು. "ಮೊದಲಿನವಕ್ಕೂ ಹಿಂಗ ಅಂದಿದ್ರಿ."

"ಅಂದಿದ್ದೆ. ಅವು ಹುಟ್ಟಿದ್ದೂ ಛಲೋನ ಆಗಿತ್ತು, ಮಗಳ."

ಆಗ ಕಾಶವ್ವ ಹೊರಳಿದಳು. ಆ ಎರಡು ಕೂಸುಗಳ ಬಗ್ಗೆ ಒಳ್ಳೆಯ ಮಾತನ್ನು ಅವಳು ಕೇಳಿ ಎಷ್ಟೋ ಕಾಲವಾಗಿತ್ತು. ಆ ಮನೆಯಲ್ಲಿ ಅವನ್ನು 'ಹೋದದ್ದು' ಎಂದು ಮಾತ್ರ ಕರೆಯುತ್ತಿದ್ದರು, ಅದೂ ದನಿ ತಗ್ಗಿಸಿ. ಅವಳು ತಾಯಿಯವರ ಮುಖ ನೋಡಿದಳು, ಅವರ ತೋಳಿನಲ್ಲಿದ್ದ ಕೂಸಿನ ಮುಖ ನೋಡಿದಳು. ತಾನು ಹಡೆದ ಮಗಳನ್ನು ಅವಳು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಆಮೇಲೆ ಅತ್ತಳು. ಎರಡು ಸಲದ್ದು ಬಾಕಿ ಇತ್ತಲ್ಲ, ಎಲ್ಲವನ್ನೂ ಸೇರಿಸಿ ಅತ್ತಳು. ಅಳುತ್ತಲೇ ಕೂಸನ್ನು ಎಳೆದುಕೊಂಡು ಎದೆಗೆ ಹಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಹಾಲು ಇಳಿಯಿತು. ಇದನ್ನು ಪವಾಡವೆಂದು ಬರೆದವರಿದ್ದಾರೆ. ಮನಸ್ಸು ಬಿಚ್ಚಿದರೆ ಹಾಲು ಇಳಿಯುತ್ತದೆ ಎಂದು ಯಾವ ಸೂಲಗಿತ್ತಿಯೂ ಹೇಳುತ್ತಾಳೆ. ಆ ಮನಸ್ಸನ್ನು ಬಿಚ್ಚುವುದು ಯಾರಿಗೆ ಸಾಧ್ಯ ಎಂಬುದಷ್ಟೇ ನನ್ನ ಪ್ರಶ್ನೆ.

ಹೊರಗೆ ಓಣಿಯವರು ಇನ್ನೂ ನಿಂತಿದ್ದರು. ಬನಪ್ಪ ಕುಂಟುತ್ತ ಅಡುಗೆಮನೆಗೆ ಹೋದ. ತಗ್ಗು ಬಿದ್ದ ಹಳೆಯ ಗಂಗಾಳವನ್ನು ಹುಡುಕಿ ತಂದು, ಕೈಯಲ್ಲಿದ್ದ ಲಾಳಿಯಿಂದಲೇ ಬಾರಿಸಿದ. ಒಂದೊಂದು ಏಟಿಗೂ ನಿಂಬೆವ್ವ ಬೆಚ್ಚಿಬೀಳುತ್ತಿದ್ದಳು. ಆದರೆ ನಿಲ್ಲಿಸು ಎನ್ನಲಿಲ್ಲ.

ಕೂಸು ಉಳಿಯಿತೇ ಎಂದು ನೀವು ಕೇಳುತ್ತೀರಿ. ಉಳಿಯಿತು. ಬೆಳೆದು, ಮದುವೆಯಾಗಿ, ಅದೇ ಓಣಿಯಲ್ಲೇ ಮೊಮ್ಮಕ್ಕಳನ್ನು ಆಡಿಸಿತು. ತಾಯಿಯವರು ಲಿಂಗೈಕ್ಯರಾದ ಮೇಲೆ ಉಂಡೆಯ ಡಬ್ಬಿಯನ್ನು ಹೊತ್ತು ಹೆರಿಗೆಯ ಮನೆಗಳಿಗೆ ಎಲ್ಲರಿಗಿಂತ ಮೊದಲು ಓಡುತ್ತಿದ್ದವಳು ನಿಂಬೆವ್ವನೇ ಎಂದು ಹಿರಿಯರು ಹೇಳುತ್ತಾರೆ. ಆದರೆ ನಾನು ಹೇಳಹೊರಟದ್ದು ಅದನ್ನಲ್ಲ. ಹೆಸರಿಡುವ ದಿನ ಇದಾವುದೂ ಯಾರಿಗೂ ಗೊತ್ತಿರಲಿಲ್ಲ. ಕೂಸು ಇನ್ನೂ ಬಡಕಲಾಗಿಯೇ ಇತ್ತು. ನಿಂಬೆವ್ವ ಗಳಿಗೆಗೊಮ್ಮೆ ಅದರ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು. ತಿಪ್ಪವ್ವ ಎಂದು ಇಡಿ, ಕಲ್ಲವ್ವ ಎಂದು ಇಡಿ, ಚೆಂದದ ಹೆಸರು ಬೇಡ ಎಂದು ನೆರೆಯವರು ಬುದ್ಧಿ ಹೇಳಿದ್ದರು. ನಿಂಬೆವ್ವ ಮುತ್ತವ್ವ ಎಂದೇ ಇಡಬೇಕೆಂದು ಹಟ ಹಿಡಿದಳು.

ಮಠದ ತೊಟ್ಟಿಲಿನ ಸುತ್ತ ಓಣಿಯ ಹೆಂಗಸರೆಲ್ಲ ನೆರೆದರು. ರಾಚವ್ವ ಸೆರಗು ಬಿಗಿದು, ಗುದ್ದು ತಿನ್ನಲು ಬೆನ್ನು ಸಿದ್ಧಮಾಡಿಕೊಂಡು ಮುಂದೆ ಬಂದಳು. ನಿಂಬೆವ್ವ ಅವಳನ್ನು ಕೈಯಿಂದ ತಡೆದಳು.

"ತಡಿ. ನಿನ್ನ ಪಾಳಿ ಆಮ್ಯಾಲ," ಎಂದಳು. ಗುಂಡಪ್ಪನನ್ನು ತೊಟ್ಟಿಲ ಕೆಳಗಿನಿಂದ ದಾಟಿಸಲಿಲ್ಲ. ಎತ್ತಿ ತೊಟ್ಟಿಲೊಳಗೇ ಮಲಗಿಸಿದಳು. ಬಗ್ಗಿ, ಕುಂಚಿಗೆಯ ಅಂಚು ಸರಿಸಿ, ಕಿವಿ ಇರಬೇಕಾದ ಕಡೆ ಬಾಯಿಟ್ಟು, "ಕುರ್ರ್... ಮಾಂತೇಶ" ಎಂದಳು. ಮೊದಲನೆಯ ಮೊಮ್ಮಗನಿಗೆಂದು ಅವಳು ಅಂದೇ ಆರಿಸಿಟ್ಟಿದ್ದ ಹೆಸರು ಅದು. ಯಾರ ಮುಂದೆಯೂ ಹೇಳಿರಲಿಲ್ಲ. ಕೂಸನ್ನು ಎತ್ತಿಕೊಂಡು ಕುಳಿತಿದ್ದ ಕಾಶವ್ವ ತಲೆಯೆತ್ತಿದಳು.

ನಿಂಬೆವ್ವ ಬಗ್ಗಿಯೇ ಇದ್ದಳು.

"ಗುದ್ದ್ರೆವ್ವಾ," ಎಂದಳು. "ಹೆಸರ ಕರದೀನಿ, ಗುದ್ದಬೇಕೋ ಬ್ಯಾಡೋ? ಅವಾ ಹುಟ್ಟಿದ್ದೂ ಛಲೋನ ಆಗಿತ್ತು."

ಯಾರ ಕೈಯೂ ಏಳಲಿಲ್ಲ. ತೀರಿಹೋದ ಕೂಸಿಗಾಗಿ ಹರ್ಷದ ಗುದ್ದು ಹೇಗೆ ಗುದ್ದುವುದು, ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಆಗ ಒಲೆಯ ಹತ್ತಿರ ಕುಳಿತಿದ್ದ ತಾಯಿಯವರು ಎದ್ದು ಬಂದರು. ಹೆಂಗಸರ ನಡುವೆ ದಾರಿ ಮಾಡಿಕೊಂಡು ನಿಂತು, ಮುಷ್ಟಿ ಕಟ್ಟಿ, ನಿಂಬೆವ್ವನ ಬೆನ್ನಿಗೆ ಮೊದಲನೆಯ ಗುದ್ದು ಹಾಕಿದರು. ಆಮೇಲೆ ಎಲ್ಲರ ಕೈಗಳೂ ಬಂದವು.

ಗುದ್ದುಗಳ ಕೆಳಗೆ ನಿಂಬೆವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ರಾಚವ್ವತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲವಂತೆ. ಕಣ್ಣೊರೆಸಿಕೊಳ್ಳದೆಯೇ ಅವಳು ನೆಟ್ಟಗಾದಳು, ಗುಂಡಪ್ಪನನ್ನು ತೊಟ್ಟಿಲಿನಿಂದ ಎತ್ತಿಕೊಂಡು ಕುಂಚಿಗೆಯ ಗಂಟನ್ನು ಹೊಸದಾಗಿ ಕಟ್ಟತೊಡಗಿದಳು.

"ತಡೀರಿ," ಎಂದಳು, "ಮುತ್ತವ್ವಗ ಇನ್ನೊಬ್ಬ ಅಣ್ಣ ಅದಾನ."